ತಲೆಯ ಪ್ರಕೃತಿ, ಕೂದಲಿನ ಪ್ರಕೃತಿ

ಈ ಅಂಕಣಕ್ಕೆ ಬರುವ ಓಲೆಗಳ ವಿಷಯ ಋತುಮಾನವನ್ನನುಸರಿಸಿ ಬದಲಾಗುತ್ತದೆಯಾದರೂ, ಯಾವ ಋತುವಿನಲ್ಲಿಯೂ ತಪ್ಪದೆ ಬರುವ ಪ್ರಶ್ನೆಯೊಂದುಂಟು: ತಲೆಗೆ ಯಾವ ಎಣ್ಣೆ ಹಚ್ಚಬೇಕು, ಯಾವುದರಿಂದ ತೊಳೆಯಬೇಕು? ಕೇಳುವವರಲ್ಲಿ ಕಾಲೇಜಿನ ಹುಡುಗಿಯರಿದ್ದಾರೆ, ಬಾಣಂತನ ಮುಗಿಸಿದ ತಾಯಂದಿರಿದ್ದಾರೆ, ನೆತ್ತಿ ತೆಳುವಾಗುತ್ತ ಬಂದುದನ್ನು ಕಂಡು ಕಳವಳಗೊಂಡ ಗೃಹಸ್ಥರೂ ಇದ್ದಾರೆ; ಎಲ್ಲರೂ ಅಪೇಕ್ಷಿಸುವುದು ಅಂಗಡಿಗೆ ಹೋಗಿ ಕೇಳಬಹುದಾದ ಒಂದು ಹೆಸರನ್ನು. ಅಂತಹ ಹೆಸರನ್ನು ನಾನು ಹೇಳದಿರುವುದಕ್ಕೆ ಕಾರಣವಿದೆ. ಒಬ್ಬರ ತಲೆಗೆ ಉಪಕಾರ ಮಾಡಿದ ಎಣ್ಣೆ ಪಕ್ಕದ ಮನೆಯವರ ತಲೆಗೆ ಅಪಕಾರ ಮಾಡಬಲ್ಲುದು. ಅಷ್ಟೇಕೆ, ಒಂದೇ ತಲೆಯಲ್ಲಿ ಕೂದಲಿನ ತುದಿಗೆ ಉಪಕಾರವನ್ನೂ ಬುಡದ ಚರ್ಮಕ್ಕೆ ಅಪಕಾರವನ್ನೂ ಏಕಕಾಲದಲ್ಲಿ ಮಾಡಬಲ್ಲುದು. ನೆತ್ತಿಯ ಪ್ರಕೃತಿಯೇ ಬೇರೆ, ಕೂದಲಿನ ಪ್ರಕೃತಿಯೇ ಬೇರೆ, ಎರಡನ್ನೂ ಪ್ರತ್ಯೇಕವಾಗಿ ನೋಡಿ ತಿಳಿದ ಬಳಿಕವೇ ಆರೈಕೆಯ ಮಾತನ್ನು ಎತ್ತಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನೆತ್ತಿಯ ಚರ್ಮ ಜೀವವುಳ್ಳದ್ದು. ಅದರಿಂದ ಹೊರಹೊಮ್ಮಿದ ಕೂದಲು ಜೀವವಿಲ್ಲದ್ದು. ಚರ್ಮದೊಳಗೆ ಹುದುಗಿರುವ ಕೇಶಕೂಪದ ತಳದಲ್ಲಿ ರಕ್ತ ಹರಿಯುತ್ತದೆ, ಜೀವಕೋಶಗಳು ವಿಭಜನೆಗೊಳ್ಳುತ್ತವೆ, ಬಣ್ಣ ಸೇರಿಕೊಳ್ಳುತ್ತದೆ. ಅಲ್ಲಿ ಹುಟ್ಟಿದ ಕೋಶಗಳು ಮೇಲೇರುತ್ತ ಏರುತ್ತ ಕೆರಾಟಿನ್ ಎಂಬ ಪ್ರೋಟೀನಿನಿಂದ ತುಂಬಿ, ಗಟ್ಟಿಯಾಗಿ, ಜೀವ ತೊರೆದು, ಎಳೆಯ ರೂಪದಲ್ಲಿ ಹೊರಬರುತ್ತವೆ. ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ ಬೆಳೆಯುವ ಕೂದಲು ಸೊಂಟವನ್ನು ಮುಟ್ಟಿದೆಯೆಂದರೆ, ಅದರ ತುದಿ ಐದಾರು ವರ್ಷ ಹಳೆಯದು. ಅಷ್ಟೂ ವರ್ಷಗಳ ಬಿಸಿಲು, ಧೂಳು, ಬಾಚಣಿಗೆ, ತಲೆದಿಂಬುಗಳ ತಿಕ್ಕಾಟವನ್ನು ಅದು ಸಹಿಸಿದೆ. ಗಾಯ ಮಾಯುವುದು ಚರ್ಮದಲ್ಲಿಯೇ ಹೊರತು ಎಳೆಯಲ್ಲಿ ಅಲ್ಲ. ಆದಕಾರಣ ನೆತ್ತಿಗೆ ಬೇಕಾದುದು ಆರೋಗ್ಯ, ಎಳೆಗೆ ಬೇಕಾದುದು ಸವೆತದಿಂದ ರಕ್ಷಣೆ. ಕೂದಲಿಗೆ ಪೋಷಣೆ ಎಂಬುದಾಗಿ ಸೀಸೆಗಳ ಮೇಲೆ ಬರೆದಿರುತ್ತಾರೆ. ಎಳೆ ಏನನ್ನೂ ಉಣ್ಣಲಾರದು, ಉಣ್ಣುವುದು ಬೇರು, ಅದಕ್ಕೆ ಆಹಾರ ಬರುವುದು ರಕ್ತದ ಮೂಲಕ, ಅಂದರೆ ನಮ್ಮ ಊಟದ ಎಲೆಯಿಂದ.

ಎಳೆಯ ಸ್ವರೂಪವನ್ನು ಅರಿಯಲು ಸೂಕ್ಷ್ಮದರ್ಶಕ ಬೇಕಾಗಿಲ್ಲ. ಬಾಚಣಿಗೆಯಲ್ಲಿ ಸಿಕ್ಕಿದ ಒಂದು ಉದ್ದನೆಯ ಕೂದಲನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಬುಡದಿಂದ ತುದಿಯ ಕಡೆಗೆ ಬೆರಳಾಡಿಸಿದರೆ ನುಣುಪಾಗಿ ಜಾರುತ್ತದೆ. ತುದಿಯಿಂದ ಬುಡದ ಕಡೆಗೆ ಆಡಿಸಿದರೆ ಸಣ್ಣಗೆ ತಡೆಯುತ್ತದೆ, ಕಿವಿಯ ಹತ್ತಿರ ಹಿಡಿದರೆ ಕಿರ್ರೆಂಬ ಸದ್ದೂ ಕೇಳುವುದುಂಟು. ಎಳೆಯ ಹೊರಮೈಯಲ್ಲಿ ಚಪ್ಪಟೆಯಾದ ಕೋಶಗಳು ಮನೆಯ ಮಾಡಿನ ಹೆಂಚುಗಳಂತೆ ಒಂದರ ಮೇಲೊಂದು ಹೊದೆದುಕೊಂಡು ಪದರಪದರವಾಗಿ ನಿಂತಿವೆ. ಅವುಗಳ ಅಂಚು ತುದಿಯ ಕಡೆಗೆ ಮುಖಮಾಡಿರುವುದರಿಂದ ಹೀಗಾಗುತ್ತದೆ. ಈ ಹೊದಿಕೆಗೆ ಎಷ್ಟು ಬೆಲೆಯೆಂಬುದನ್ನು ಕೂದಲನ್ನೇ ವ್ಯಾಪಾರ ಮಾಡುವವರು ಚೆನ್ನಾಗಿ ಬಲ್ಲರು. ಕೊಪ್ಪಳದ ಭಾಗ್ಯನಗರದಲ್ಲಿ ಉದುರುಗೂದಲನ್ನು ಕೊಂಡು ತಂದು, ಗಂಟು ಬಿಡಿಸಿ, ಬಾಚಿ, ಉದ್ದಕ್ಕೆ ತಕ್ಕಂತೆ ವಿಂಗಡಿಸಿ ಹೊರದೇಶಗಳಿಗೆ ಕಳುಹಿಸುವ ಉದ್ಯಮ ಬಹುಕಾಲದಿಂದ ನಡೆದುಬಂದಿದೆ. ಆ ವ್ಯಾಪಾರದಲ್ಲಿ, ಬುಡಗಳೆಲ್ಲ ಒಂದು ಕಡೆಗೆ ತುದಿಗಳೆಲ್ಲ ಒಂದು ಕಡೆಗೆ ಇರುವಂತೆ ಜಡೆಯಾಗಿಯೇ ಕತ್ತರಿಸಿದ ಮುಡಿಯ ಕೂದಲಿಗೆ ಹೆಚ್ಚಿನ ದರ, ಬಾಚಣಿಗೆಯಿಂದ ಸುತ್ತಿಟ್ಟ ಉಂಡೆಗೂದಲಿಗೆ ಕಡಿಮೆ ದರ. ಉಂಡೆಯಲ್ಲಿ ಬುಡತುದಿಗಳು ಅಡ್ಡಾದಿಡ್ಡಿಯಾಗಿ ಕೂಡಿ, ಒಂದು ಎಳೆಯ ಅಂಚು ಇನ್ನೊಂದರ ಅಂಚಿಗೆ ತೊಡರಿಕೊಂಡು ತೀರದ ಸಿಕ್ಕಾಗುತ್ತದೆ. ಅಂತಹ ಕೂದಲಿನಿಂದ ಟೋಪನ್ ಮಾಡಬೇಕಾದರೆ ಆಮ್ಲದಲ್ಲಿ ಅದ್ದಿ ಹೊರಪದರವನ್ನೇ ಕಳೆದು, ಮೇಲೆ ಸಿಲಿಕೋನ್ ಲೇಪಿಸುವ ಪದ್ಧತಿಯಿದೆ. ಮಿಂದು ಬಂದವರು ತಲೆಯನ್ನು ಒರಟು ಟವೆಲಿನಿಂದ ಹಿಂದೆಮುಂದೆ ಗಸಗಸನೆ ತಿಕ್ಕುವಾಗ ತಮ್ಮ ಕೂದಲನ್ನು ತಾವೇ ಉಂಡೆಗೂದಲನ್ನಾಗಿ ಮಾಡುತ್ತಿರುತ್ತಾರೆ. ಹಳೆಯ ಹತ್ತಿಯ ಪಂಚೆಯಿಂದ ಒತ್ತಿ ನೀರು ಹೀರಿಸಿದರೆ ಸಾಕು.

ಇನ್ನು ನೇರ, ಅಲೆ, ಗುಂಗುರು ಎಂಬ ಭೇದಗಳು. ಇವನ್ನು ನಿರ್ಧರಿಸುವುದು ಎಣ್ಣೆಯೂ ಅಲ್ಲ, ನೀರೂ ಅಲ್ಲ, ಬಾಚುವ ಅಭ್ಯಾಸವೂ ಅಲ್ಲ. ಚರ್ಮದೊಳಗಿನ ಕೇಶಕೂಪದ ಆಕಾರ. ಕೂಪ ನೇರವಾಗಿ ಇಳಿದಿದ್ದರೆ ಎಳೆ ದುಂಡಾಗಿಯೂ ನೇರವಾಗಿಯೂ ಬರುತ್ತದೆ; ಕೂಪವೇ ಬಾಗಿದ್ದು, ಅದರ ಒಂದು ಪಾರ್ಶ್ವದ ಕೋಶಗಳು ಇನ್ನೊಂದು ಪಾರ್ಶ್ವದವುಗಳಿಗಿಂತ ಭಿನ್ನವಾಗಿ ಬೆಳೆದರೆ, ಎಳೆ ಚಪ್ಪಟೆಯಾಗುತ್ತ ಸುರುಳಿಗೊಳ್ಳುತ್ತದೆ. ಓಪ್ರಾ ವಿನ್‌ಫ್ರೆಯವರ ಕೇಶವಿನ್ಯಾಸಕಾರರಾಗಿದ್ದ ಆಂಡ್ರೆ ವಾಕರ್ 1990ರ ದಶಕದಲ್ಲಿ ಇವನ್ನು ನಾಲ್ಕು ವರ್ಗಗಳಾಗಿ ಬಿಡಿಸಿ ಹೇಳಿದರು: ನೇರವಾದುದು 1, ಅಲೆಯುಳ್ಳದ್ದು 2, ಗುಂಗುರು 3, ಬಿಗಿಯಾದ ಸುರುಳಿ 4; ಈಗಿನ ಬಳಕೆಯಲ್ಲಿ ಪ್ರತಿಯೊಂದರಲ್ಲಿಯೂ ಎ, ಬಿ, ಸಿ ಎಂಬ ಒಳಭೇದಗಳು. ಇಂದು ಯುವತಿಯರು ತಮ್ಮ ಕೂದಲು ಎರಡು ಬಿ ಎಂದೋ ಮೂರು ಎ ಎಂದೋ ಹೇಳುವುದು ಈ ಲೆಕ್ಕದಲ್ಲಿಯೇ. 2007ರಲ್ಲಿ ಸಂಶೋಧಕರ ತಂಡವೊಂದು ಅನೇಕ ದೇಶಗಳ ಜನರ ಕೂದಲಿನ ಸುರುಳಿಗಳನ್ನು ಅಳೆದು, ಅವುಗಳ ಬಾಗನ್ನೇ ಆಧಾರವಾಗಿಟ್ಟುಕೊಂಡು ಎಂಟು ವರ್ಗಗಳನ್ನು ಮಾಡಿತು. ಜನಾಂಗದ ಹೆಸರು ಹಿಡಿದು ಕೂದಲನ್ನು ವಿಂಗಡಿಸುವ ಹಳೆಯ ಕ್ರಮವನ್ನು ಕೈಬಿಟ್ಟುದು ಅದರ ಹಿರಿಮೆ. ನಮ್ಮ ನಾಡಿನಲ್ಲಂತೂ ಒಂದೇ ಮನೆಯ ಅಕ್ಕತಂಗಿಯರಲ್ಲಿ ಒಬ್ಬಳದು ನೇರ, ಒಬ್ಬಳದು ಗುಂಗುರು. ಒಂದೇ ತಲೆಯಲ್ಲಿ ನೆತ್ತಿಯ ಮೇಲೆ ಅಲೆ, ಕತ್ತಿನ ಬಳಿ ಸುರುಳಿ. ಎಂಟಾಗಲಿ ಹನ್ನೆರಡಾಗಲಿ, ವರ್ಗದ ಅಂಕಿಯನ್ನು ಕಂಠಪಾಠ ಮಾಡುವುದಕ್ಕಿಂತ, ತೊಳೆದ ಕೂದಲನ್ನು ಬಾಚದೆ, ಏನನ್ನೂ ಹಚ್ಚದೆ, ತಾನೇ ಒಣಗಲು ಬಿಟ್ಟು ಅದು ತಾಳುವ ಆಕಾರವನ್ನು ನೋಡುವುದು ಮೇಲು.

ಆಕಾರಕ್ಕೆ ಇಷ್ಟು ಮಹತ್ತ್ವ ಬಂದುದು ಅಂದಚೆಂದದ ದೆಸೆಯಿಂದಲ್ಲ. ನೆತ್ತಿಯ ಗ್ರಂಥಿಗಳಿಂದ ಒಸರುವ ಜಿಡ್ಡು ನೇರವಾದ ಎಳೆಯ ಮೇಲೆ ತಡೆಯಿಲ್ಲದೆ ಇಳಿದು ತುದಿಯವರೆಗೂ ಸಾಗುತ್ತದೆ. ಆದುದರಿಂದ ನೇರ ಕೂದಲು ಬೇಗ ಜಿಡ್ಡಾಗುತ್ತದೆ, ವಾರಕ್ಕೆ ಎರಡು ಮೂರು ಬಾರಿ ತೊಳೆದರೂ ಬಾಧಕವಿಲ್ಲ. ಗುಂಗುರು ಕೂದಲಿನಲ್ಲಿ ಅದೇ ಜಿಡ್ಡು ಮೊದಲ ತಿರುವುಗಳಲ್ಲಿಯೇ ನಿಂತುಬಿಡುತ್ತದೆ. ಬುಡ ಜಿಡ್ಡಾಗಿದ್ದರೂ ತುದಿ ಒಣಗಿರುತ್ತದೆ, ಅಲ್ಲದೆ ಪ್ರತಿಯೊಂದು ತಿರುವಿನಲ್ಲಿಯೂ ಎಳೆ ದುರ್ಬಲವಾಗಿ ಮುರಿಯಲು ಎಡೆಯಾಗುತ್ತದೆ. ಇಂತಹ ಕೂದಲಿಗೆ ವಾರಕ್ಕೊಂದು ಸ್ನಾನ, ಸೌಮ್ಯವಾದ ಶಾಂಪೂ, ಅದರ ಹಿಂದೆಯೇ ತಪ್ಪದೆ ಕಂಡಿಷನರ್ ಬೇಕು. ಕಂಡಿಷನರಿನ ಕೆಲಸವೂ ತಿಳಿಯತಕ್ಕದ್ದು: ಸವೆದ ಎಳೆಯ ಮೈಯಲ್ಲಿ ಋಣ ವಿದ್ಯುದಂಶ ಹೆಚ್ಚಾಗಿರುತ್ತದೆ, ಕಂಡಿಷನರಿನ ಅಣುಗಳಲ್ಲಿ ಧನಾಂಶವಿರುತ್ತದೆ, ಆದಕಾರಣ ಎಲ್ಲಿ ಹೆಚ್ಚು ಸವೆದಿದೆಯೋ ಅಲ್ಲಿಯೇ ಅದು ಹೆಚ್ಚಾಗಿ ಅಂಟಿಕೊಳ್ಳುತ್ತದೆ. ಅದನ್ನು ನೆತ್ತಿಗೆ ಬಳಿಯಬೇಕಾದ ಅಗತ್ಯವಿಲ್ಲ; ನಡುವಿನಿಂದ ತುದಿಯವರೆಗೆ ಹಚ್ಚಿದರೆ ಸಾಕು.

ಬಾಚುವ ರೀತಿಯಲ್ಲಿಯೂ ಇವೆರಡರ ವಿಧಿ ಬೇರೆ. ಒದ್ದೆಯಾದ ಕೂದಲು ಹಿಗ್ಗಿ ಬಲಗುಂದಿರುವುದರಿಂದ ನೇರ ಕೂದಲಿನವರು ಅದು ಬಹುಮಟ್ಟಿಗೆ ಆರಿದ ಮೇಲೆ ಬಾಚುವುದು ಕ್ಷೇಮ. ಗುಂಗುರು ಕೂದಲನ್ನು ಮಾತ್ರ ತೇವವಿರುವಾಗಲೇ, ಕಂಡಿಷನರಿನ ಜಾರಿಕೆಯಿರುವಾಗಲೇ, ಅಗಲ ಹಲ್ಲಿನ ಬಾಚಣಿಗೆಯಿಂದ ಬಿಡಿಸಬೇಕು. ನಮ್ಮ ಬಂಧುಗಳ ಮನೆಯಲ್ಲಿ ಗುಂಗುರು ಕೂದಲಿನ ಪುಟ್ಟ ಹುಡುಗಿಯೊಬ್ಬಳಿದ್ದಾಳೆ. ಶಾಲೆಗೆ ಹೊರಡುವ ಹೊತ್ತಿಗೆ ಒಣಗಿದ ತಲೆಗೆ ಸಣ್ಣ ಹಲ್ಲಿನ ಬಾಚಣಿಗೆಯನ್ನು ನೆತ್ತಿಯಿಂದಲೇ ಇಳಿಸುತ್ತಿದ್ದರು. ಅವಳು ಎರಡೂ ಕೈಗಳಿಂದ ತಲೆಯನ್ನು ಹಿಡಿದುಕೊಂಡು ಅಳುತ್ತಿದ್ದಳು, ನೆಲದ ಮೇಲೆ ಬೀಳುತ್ತಿದ್ದ ಕೂದಲಿನ ತುಣುಕುಗಳಲ್ಲಿ ಬುಡದ ಬಿಳಿಯ ಗೆಡ್ಡೆಯೇ ಇರುತ್ತಿರಲಿಲ್ಲ, ಅಂದರೆ ಅವು ಉದುರಿದವುಗಳಲ್ಲ, ಮುರಿದವು. ಕೂದಲಿಗೆ ನೀರು ಚಿಮುಕಿಸಿ, ಬೆರಳುಗಳಿಂದ ನಾಲ್ಕು ಭಾಗ ಮಾಡಿ, ಒಂದೊಂದು ಭಾಗವನ್ನೂ ಗಂಟಿಗಿಂತ ಮೇಲೆ ಮುಷ್ಟಿಯಲ್ಲಿ ಹಿಡಿದು, ತುದಿಯ ನಾಲ್ಕು ಬೆರಳುದ್ದವನ್ನು ಮೊದಲು ಬಿಡಿಸಿ, ಆಮೇಲೆ ಒಂದು ಗೇಣು ಮೇಲಕ್ಕೆ, ಹೀಗೆ ಹಂತಹಂತವಾಗಿ ಬುಡಕ್ಕೆ ಏರುವ ಕ್ರಮವನ್ನು ಆ ತಾಯಿ ಹಿಡಿದ ಮೇಲೆ ಅಳು ನಿಂತಿತು, ಸುರುಳಿಗಳೂ ತುಂಬಿ ಕಾಣತೊಡಗಿದವು. ಬೇಲೂರಿನ ಶಿಲ್ಪಿಗಳು ಹಣೆಯ ಮೇಲಿನ ಕುರುಳುಗಳನ್ನು ಒಂದೊಂದಾಗಿ ಕೊರೆದ ನಾಡಿನಲ್ಲಿ, ಹೆಣ್ಣುಮಗುವಿನ ಗುಂಗುರು ಕೂದಲನ್ನು ಸರಿಪಡಿಸಬೇಕಾದ ದೋಷವೆಂದು ಬಗೆಯುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಆಕಾರದ ಜೊತೆಗೆ ಎಳೆಯ ದಪ್ಪ ಮತ್ತು ಒತ್ತು ಎಂಬ ಎರಡು ಗುಣಗಳಿವೆ. ಎಳೆ ಸಣ್ಣದಾಗಿದ್ದೂ ಒತ್ತಾಗಿರಬಹುದು, ದಪ್ಪವಾಗಿದ್ದೂ ವಿರಳವಾಗಿರಬಹುದು. ಬೆರಳ ನಡುವೆ ಹಿಡಿದ ಒಂದೇ ಎಳೆ ಸ್ಪರ್ಶಕ್ಕೆ ಸಿಕ್ಕದಷ್ಟು ಸಣ್ಣದಾದರೆ ಅಂಥವರಿಗೆ ಭಾರವಾದ ಎಣ್ಣೆ, ದಟ್ಟವಾದ ಕ್ರೀಮು ಒಗ್ಗುವುದಿಲ್ಲ, ಕೂದಲು ನೆತ್ತಿಗೆ ಅಂಟಿ ಇನ್ನಷ್ಟು ವಿರಳವಾಗಿ ಕಾಣುತ್ತದೆ. ಲೋಟದ ನೀರಿನಲ್ಲಿ ಕೂದಲು ತೇಲಿದರೆ ಒಂದು ಬಗೆ, ಮುಳುಗಿದರೆ ಇನ್ನೊಂದು ಬಗೆ ಎಂಬ ಪರೀಕ್ಷೆಯನ್ನು ಅನೇಕರು ಮಾಡಿ ನೋಡುತ್ತಾರೆ. ಎಳೆಯ ಮೇಲಿನ ಜಿಡ್ಡು, ಗಾಳಿಯ ಗುಳ್ಳೆ ಇವೇ ಅದರ ಫಲವನ್ನು ಬದಲಿಸುವುದರಿಂದ ನಾನು ಅದಕ್ಕೆ ಬೆಲೆ ಕೊಡುವುದಿಲ್ಲ.

ಈಗ ಎಣ್ಣೆಯ ಮಾತು. ನರಕ ಚತುರ್ದಶಿಯ ಅಭ್ಯಂಜನವನ್ನು ಆದರದಿಂದ ನೆನೆಯುವವಳು ನಾನು. ಎಣ್ಣೆಯ ವಿಷಯದಲ್ಲಿ ನಮ್ಮ ಹಿರಿಯರ ಅನುಭವಕ್ಕೆ ಆಧಾರವಿದ್ದಿತೆಂಬುದನ್ನು ಪ್ರಯೋಗವೂ ತೋರಿಸಿದೆ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಈ ಮೂರನ್ನು ಹೋಲಿಸಿ ನೋಡಿದಾಗ, ತೊಳೆಯುವ ಮುನ್ನವಾಗಲಿ ಅನಂತರವಾಗಲಿ ಹಚ್ಚಿದ ಕೊಬ್ಬರಿ ಎಣ್ಣೆ ಮಾತ್ರ ಎಳೆಯಿಂದ ಪ್ರೋಟೀನು ಸೋರಿಹೋಗುವುದನ್ನು ಗಮನಾರ್ಹವಾಗಿ ತಗ್ಗಿಸಿತು. ಅದರಲ್ಲಿರುವ ಲಾರಿಕ್ ಆಮ್ಲದ ಅಣು ಚಿಕ್ಕದೂ ನೀಳವೂ ಆಗಿರುವುದರಿಂದ ಎಳೆಯೊಳಕ್ಕೆ ನುಸುಳಬಲ್ಲುದು ಎಂಬುದು ಅವರು ಕೊಟ್ಟ ಕಾರಣ. ಆ ಸಂಶೋಧಕರು ಕೊಬ್ಬರಿ ಎಣ್ಣೆ ಮಾರುವ ಸಂಸ್ಥೆಯವರೇ ಎಂಬುದನ್ನೂ ಓದುಗರು ತಿಳಿದಿರುವುದು ನ್ಯಾಯ. ಗಮನಿಸಬೇಕಾದ ಅಂಶವೆಂದರೆ ಈ ಉಪಕಾರ ಎಳೆಗೆ ಸಂದದ್ದು, ಬೇರಿಗೆ ಅಲ್ಲ. ಎಣ್ಣೆ ಸವೆತವನ್ನು ತಡೆಯುತ್ತದೆ, ಹೊಸ ಕೂದಲನ್ನು ಹುಟ್ಟಿಸುವುದಿಲ್ಲ. ನೆತ್ತಿಯ ಕಥೆಯೇ ಬೇರೆ. ಎಲ್ಲರ ನೆತ್ತಿಯಲ್ಲಿಯೂ ಮಲಸೀಜಿಯಾ ಎಂಬ ಶಿಲೀಂಧ್ರ ವಾಸವಾಗಿದೆ. ಜಿಡ್ಡೇ ಅದರ ಆಹಾರ. ಅದು ಜಿಡ್ಡನ್ನು ಒಡೆದಾಗ ಹುಟ್ಟುವ ಆಮ್ಲಗಳಿಗೆ ಕೆಲವರ ಚರ್ಮ ಕೆರಳುತ್ತದೆ, ತುರಿಸುತ್ತದೆ, ಹೊಟ್ಟಾಗಿ ಉದುರುತ್ತದೆ. ಹೊಟ್ಟನ್ನು ಕಂಡವರು ತಲೆ ಒಣಗಿದೆಯೆಂದು ಭಾವಿಸಿ ರಾತ್ರಿ ಮತ್ತಷ್ಟು ಎಣ್ಣೆ ತಿಕ್ಕಿ ಮಲಗುವುದು ಬೆಂಕಿಗೆ ತುಪ್ಪ ಸುರಿದಂತೆಯೇ ಸರಿ. ಅಂಥವರು ಎಣ್ಣೆಯನ್ನು ಎಳೆಯ ಕೆಳಭಾಗಕ್ಕೆ ಮಾತ್ರ, ಸ್ನಾನಕ್ಕೆ ಒಂದೆರಡು ತಾಸು ಮುಂಚೆ ಹಚ್ಚಲಿ. ನೆತ್ತಿಗೆ ಕೀಟೊಕೊನಜೋಲ್ ಅಥವಾ ಜಿಂಕ್ ಪೈರಿಥಿಯೋನ್ ಇರುವ ಶಾಂಪೂವನ್ನು ಹಚ್ಚಿ ಕೆಲವು ನಿಮಿಷ ಬಿಟ್ಟು ತೊಳೆಯಲಿ.

ಮಲೆನಾಡಿನ ನಮ್ಮ ಮನೆಯಲ್ಲಿ ಅಜ್ಜಿ ತಲೆಸ್ನಾನದ ದಿನ ದಾಸವಾಳದ ಸೊಪ್ಪನ್ನು, ಕೆಲವೊಮ್ಮೆ ಮತ್ತಿಸೊಪ್ಪನ್ನು, ನೀರಿನಲ್ಲಿ ಕಿವುಚಿ ಗೊಂಪು ಮಾಡುತ್ತಿದ್ದರು. ಹಸುರಾದ, ಬೆರಳಿನಿಂದ ಎತ್ತಿದರೆ ದಾರವಾಗಿ ಇಳಿಯುವ ಆ ಲೋಳೆಯನ್ನು ತೆಳುಬಟ್ಟೆಯಲ್ಲಿ ಸೋಸಿ ತಲೆಗೆ ಹಾಕಿದರೆ ಎಳೆಗಳು ತಾವಾಗಿ ಬಿಡಿಸಿಕೊಳ್ಳುತ್ತಿದ್ದವು. ಸಸ್ಯದ ಲೋಳೆ ಎಳೆಯ ಮೇಲೆ ತೆಳುವಾದ ಪೊರೆಯಾಗಿ ನಿಂತು ತಿಕ್ಕಾಟವನ್ನು ಕಳೆಯುತ್ತದೆ. ಇಂದಿನ ಕಂಡಿಷನರಿನ ಕೆಲಸದ ಬಹುಪಾಲನ್ನು ಅದು ಮಾಡುತ್ತಿತ್ತು. ಸೀಗೆಕಾಯಿ, ಅಂಟುವಾಳಗಳಲ್ಲಿರುವುದು ನೊರೆ ಕೊಡುವ ಸಪೋನಿನ್. ಜಿಡ್ಡನ್ನು ತೆಗೆಯಲು ಅದು ಸಮರ್ಥವೇ. ಆದರೆ ಒರಟಾಗಿ ಕುಟ್ಟಿದ ಸೀಗೆಪುಡಿಯನ್ನು ಗುಂಗುರು ಕೂದಲಿಗೆ ನೇರವಾಗಿ ತಿಕ್ಕಿದರೆ ಪುಡಿ ಸುರುಳಿಗಳಲ್ಲಿ ಸಿಕ್ಕಿಕೊಂಡು ಉಜ್ಜುಕಲ್ಲಿನ ಕೆಲಸ ಮಾಡುತ್ತದೆ. ಕಾಯನ್ನು ನೆನೆಸಿ ಕುದಿಸಿ ಸೋಸಿದ ಕಷಾಯ ಅವರಿಗೆ ಯೋಗ್ಯ. ಮೈಗೆ ಹಚ್ಚುವ ಸಾಬೂನನ್ನು ಯಾರೂ ತಲೆಗೆ ಉಪಯೋಗಿಸದಿರುವುದು ಒಳ್ಳೆಯದು, ಗಡಸು ನೀರಿನ ಊರಿನವರಂತೂ ಸರ್ವಥಾ ಕೂಡದು. ಕರಾವಳಿಯ ಜಂಬಿಟ್ಟಿಗೆ ನೆಲದ ಬಾವಿಯ ನೀರು ಮೆದು. ಬಯಲುಸೀಮೆಯ ಆಳವಾದ ಕೊಳವೆಬಾವಿಯ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಹೇರಳ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಮಿನೊಳಗಿದ್ದರೆ ಒಳ್ಳೆಯದೆಂದೂ, ಬೇರೆ ಮೂಲವಿಲ್ಲದಿದ್ದಲ್ಲಿ 600ರವರೆಗೆ ಸಹ್ಯವೆಂದೂ ಭಾರತೀಯ ಮಾನಕ ಹೇಳುತ್ತದೆ. ಗಡಸು ನೀರಿನಲ್ಲಿ ಸಾಬೂನು ಕರಗದ ಗಸಿಯಾಗಿ ಎಳೆಯ ಮೇಲೆ ಕೂರುವುದರಿಂದ ಕೂದಲು ಬಿರುಸಾಗಿ, ಮಂಕಾಗಿ ಕಾಣುತ್ತದೆ. ಮಂಗಳೂರಿನಿಂದ ಬೆಂಗಳೂರಿನ ಹೊರವಲಯಕ್ಕೆ ಬಂದು ನೆಲೆಸಿದವರು ತಮ್ಮ ಕೂದಲು ಕೆಟ್ಟಿತೆಂದು ಬರೆಯುವ ಓಲೆಗಳಿಗೆ ನನ್ನ ಉತ್ತರ ಒಂದೇ: ಕೊನೆಯ ಒಂದೆರಡು ತಂಬಿಗೆಗಾದರೂ ಮಳೆನೀರನ್ನೋ ಕಾವೇರಿ ನೀರನ್ನೋ ತೆಗೆದಿರಿಸಿಕೊಳ್ಳಿ.

ನೀರಿನ ಪ್ರಭಾವ ಸ್ನಾನದೊಡನೆ ಮುಗಿಯುವುದಿಲ್ಲ. ಎಳೆಯೊಳಗಿನ ಪ್ರೋಟೀನಿನ ಸರಪಣಿಗಳನ್ನು ಹಿಡಿದಿಟ್ಟ ಬಂಧಗಳಲ್ಲಿ ಕೆಲವು ಗಂಧಕದವು, ಗಟ್ಟಿಯಾದವು. ಕೆಲವು ಜಲಜನಕದವು, ತೇವ ತಾಕಿದರೆ ಬಿಡುತ್ತವೆ, ಒಣಗಿದರೆ ಮತ್ತೆ ಕೂಡುತ್ತವೆ. ಒದ್ದೆ ಜಡೆ ಹೆಣೆದು ಮಲಗಿದವರಿಗೆ ಬೆಳಗ್ಗೆ ಅಲೆಗೂದಲು ದೊರೆಯುವುದೂ, ಆಗುಂಬೆಯ ಮಳೆಯಲ್ಲಿ ಅದು ಗಳಿಗೆಯೊಳಗೆ ಮಾಯವಾಗುವುದೂ ಇದರಿಂದಲೇ. ಪೂರ್ತಿ ಒಣಗಿದ ಸ್ಥಿತಿಯಿಂದ ಪೂರ್ತಿ ತೇವದ ಗಾಳಿಗೆ ಬಂದರೆ ಕೂದಲು ಶೇಕಡಾ ಎರಡರಷ್ಟು ಉದ್ದವಾಗುತ್ತದೆ. ಈ ಗುಣವನ್ನು ಬಳಸಿಕೊಂಡು ಜಿನೀವಾದ ವಿಜ್ಞಾನಿ ಸೊಸ್ಯೂರ್ ಮನುಷ್ಯನ ಕೂದಲಿನಿಂದಲೇ ಗಾಳಿಯ ತೇವವನ್ನಳೆಯುವ ಉಪಕರಣವನ್ನು ರಚಿಸಿ 1783ರಲ್ಲಿ ಪ್ರಕಟಪಡಿಸಿದನು. ಕಾದ ಇಸ್ತ್ರಿಯಿಂದ ಕೂದಲನ್ನು ನೇರಗೊಳಿಸುವುದೂ ಜಲಜನಕ ಬಂಧಗಳೊಡನೆ ಮಾಡುವ ಆಟವೇ. ಆದರೆ ತೇವವಿರುವ ಎಳೆಯ ಮೇಲೆ 200 ಡಿಗ್ರಿಯ ಬಿಸಿಯನ್ನು ಒತ್ತಿದಾಗ ಒಳಗಿನ ನೀರು ಆವಿಯಾಗಿ ಗುಳ್ಳೆಯೆದ್ದು ಎಳೆ ಅಲ್ಲಿಯೇ ಮುರಿಯುತ್ತದೆ. ಇಸ್ತ್ರಿಗಿಂತ ನನಗೆ ಹೆಚ್ಚು ಭಯವಿರುವುದು ಮದುವೆಗೆ ಮುಂಚೆ ಮಾಡಿಸಿಕೊಳ್ಳುವ ನುಣುಪು ಚಿಕಿತ್ಸೆಗಳ ವಿಷಯದಲ್ಲಿ. ಅವುಗಳಲ್ಲಿ ಕೆಲವು ಬಿಸಿ ತಾಕಿದಾಗ ಫಾರ್ಮಾಲ್ಡಿಹೈಡನ್ನು ಹೊರಸೂಸುತ್ತವೆ. ಅದು ಕ್ಯಾನ್ಸರ್‌ಕಾರಕವೆಂದು 2004ರಲ್ಲಿಯೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ನಿರ್ಣಯಿಸಿದೆ. ಅದಕ್ಕೆ ಬದಲಾಗಿ ಬಂದ ಗ್ಲೈಆಕ್ಸಿಲಿಕ್ ಆಮ್ಲದ ಲೇಪನಗಳ ಅನಂತರ ಮೂತ್ರಪಿಂಡಗಳಿಗೆ ಹಾನಿಯಾದ ಪ್ರಕರಣಗಳೂ ಈಚೆಗೆ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ವಧುವಿನ ಅಲೆಗೂದಲನ್ನು ನೇರವಾಗಿಸಲು ಇಷ್ಟು ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವ ಅಗತ್ಯವಿದೆಯೆಂದು ನನಗೆ ತೋರುವುದಿಲ್ಲ.

ಉಳಿದುದು ಉದುರುವಿಕೆ. ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿದ್ದು ದಿನಕ್ಕೆ 50ರಿಂದ 100 ಉದುರುವುದು ಸಹಜ. ವಾರಕ್ಕೊಮ್ಮೆ ಮೀಯುವ ಗುಂಗುರು ಕೂದಲಿನವರಿಗೆ ಆ ವಾರದ್ದೆಲ್ಲ ಒಂದೇ ದಿನ ಕೈಗೆ ಬರುವುದರಿಂದ ಅವರು ಬೆದರಬೇಕಾಗಿಲ್ಲ. ಡೆಂಗ್ಯೂ, ಟೈಫಾಯ್ಡ್ ಮೊದಲಾದ ಜ್ವರಗಳಾದ ಮೇಲೆ, ಹೆರಿಗೆಯಾದ ಮೇಲೆ, ಎರಡು ಮೂರು ತಿಂಗಳು ಕಳೆದು ಹಿಡಿಹಿಡಿಯಾಗಿ ಉದುರುವುದೂ ಉಂಟು; ದೇಹದ ಆಘಾತದಿಂದ ಅನೇಕ ಕೂಪಗಳು ಒಟ್ಟಿಗೆ ವಿಶ್ರಾಂತಿಗೆ ಹೋಗಿದ್ದುದರ ಫಲವದು, ಬಹುಪಾಲು ಜನರಿಗೆ ತಿಂಗಳುಗಳಲ್ಲಿ ತಾನಾಗಿ ಸರಿಹೋಗುತ್ತದೆ, ಆ ನಡುವೆ ಬದಲಾಯಿಸಿದ ಎಣ್ಣೆಗೆ ಕೀರ್ತಿ ಬರುತ್ತದೆ. ಸರಿಹೋಗದಿದ್ದರೆ ಸೀಸೆಯನ್ನು ಬದಲಾಯಿಸುವ ಬದಲು ರಕ್ತದ ಕಬ್ಬಿಣಾಂಶ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ವ್ಯಾಪಕವೆಂಬುದು ಎಲ್ಲರಿಗೂ ತಿಳಿದದ್ದೇ. ಬಿಗಿಯಾಗಿ ಎಳೆದು ಕಟ್ಟಿದ ಜಡೆಯಿಂದ ಹಣೆಯಂಚಿನ ಕೂದಲು ಹಿಂದೆ ಸರಿಯುತ್ತಿದ್ದರೆ, ಬೇರಿಗೆ ಶಾಶ್ವತ ಹಾನಿಯಾಗುವ ಮುನ್ನ ಜಡೆಯನ್ನು ಸಡಿಲಿಸಬೇಕು. ನಾಣ್ಯದಾಕಾರದಲ್ಲಿ ಬೋಳಾದ ಮಚ್ಚೆ ಕಂಡರೆ, ಅಥವಾ ಉದುರಿದ ಜಾಗದ ಚರ್ಮ ಹೊಳೆಯುತ್ತ ಅಲ್ಲಿ ಕೂದಲಿನ ರಂಧ್ರಗಳೇ ಕಾಣದಂತಾಗಿದ್ದರೆ, ತಡಮಾಡದೆ ಚರ್ಮವೈದ್ಯರಿಗೆ ತೋರಿಸತಕ್ಕದ್ದು. ಎರಡನೆಯ ಬಗೆಯಲ್ಲಿ ನಾಶವಾದ ಕೂಪದಲ್ಲಿ ಕೂದಲು ಮತ್ತೆ ಹುಟ್ಟದಾದರೂ, ಬೇಗನೆ ಚಿಕಿತ್ಸೆ ದೊರೆತರೆ ಸುತ್ತಲಿನ ಕೂಪಗಳನ್ನು ಉಳಿಸಿಕೊಳ್ಳಲು ಅವಕಾಶವಿರುತ್ತದೆ.